ಗುದ್ದಪ್ಪ ಭಾವನ ರೈಲು

ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ನಮ್ಮ ಭಾವನ ಸಿಟ್ಟು ಮಾತ್ರ ಯಾವಾಗಲೂ ಇನ್ನೊಬ್ಬರ ದವಡೆಗೇ ಮೂಲವಾಗುತ್ತಿತ್ತು. ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಹತ್ತಿರ. ಕುರ್ಚಿಯ ಪಕ್ಕ ನಿಂತು ಚಿಮಟ ಕೊಡಬೇಕು, ರಕ್ತ ಉಗುಳಲು ಬಟ್ಟಲು ಹಿಡಿಯಬೇಕು, ಕೊನೆಗೆ ಹತ್ತಿ ಕಚ್ಚಿಸಿ ಮನೆಗೆ ಕಳಿಸಬೇಕು. ಭಾವನ ಕೈಗೆ ಸಿಕ್ಕಿದ ಬಾಯಿಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. "ನಿಮ್ಮ ಭಾವ ಇರೋವರೆಗೆ ನಮ್ಮ ಬಾಗಿಲು ಮುಚ್ಚೋ ಹಾಗಿಲ್ಲಮ್ಮ" ಅಂತ ಡಾಕ್ಟರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಕೈಯ ಜೊತೆ ಒಂದೇ ಸೂರಿನಡಿ ಇದ್ದವಳು ನನ್ನ ಒಡಹುಟ್ಟಿದವಳು.

ಹಳೇ ರೈಲು ವ್ಯಾಗನ್‌ಗಳನ್ನು ಒಡೆದು ಗುಜರಿಗೆ ಹಾಕುವ ಯಾರ್ಡಿನಲ್ಲಿ ಅವನಿಗೆ ಕೆಲಸ. ಒಬ್ಬರು ಗ್ಯಾಸ್ ಕಟರ್‌ನಿಂದ ಕಬ್ಬಿಣ ಕೊಯ್ಯುತ್ತಾರೆ, ಕೊಯ್ದದ್ದನ್ನು ಇನ್ನೊಬ್ಬರು ಸಮ್ಮಟಿಗೆಯಲ್ಲಿ ಬಡಿದು ಕೆಡವುತ್ತಾರೆ. ಭಾವ ಬಡಿಯುವವನು. ಬೇರೆಯವರು ಹತ್ತು ಏಟು ಹಾಕುವಲ್ಲಿ ಅವನದು ಎರಡೇ ಏಟು. ಅದಕ್ಕೇ ಯಾರ್ಡಿನವರು ಗುದ್ದಪ್ಪ ಅಂತ ಹೆಸರಿಟ್ಟಿದ್ದರು. ಎದುರಿಗೆ ನಾನು ಅವನನ್ನು 'ನೀವು' ಅನ್ನುತ್ತೇನೆ, ಹಿಂದಿನಿಂದ 'ಅವನು'. ಅವನ ಯೋಗ್ಯತೆಗೆ ಅಷ್ಟು ಸಾಕು.

ಆ ಯಾರ್ಡಿನಲ್ಲಿ ಒಂದು ಪದ್ಧತಿ ಇದೆ. ವ್ಯಾಗನ್‌ಗೆ ಕಟರ್‌ನ ಬೆಂಕಿ ತಾಗಿಸುವ ಮುಂಚೆ ಒಬ್ಬ ಸುತ್ತಲೂ ನಡೆದು ನಾಲ್ಕೂ ಕಡೆ ಬಡಿದು ಕೂಗಬೇಕು: "ಒಳಗೆ ಯಾರಿದ್ದೀರಿ? ಎದ್ದು ಬನ್ನಿ!" ಮನೆಮಠ ಇಲ್ಲದವರು ಒಳಗೆ ಮಲಗಿರುತ್ತಾರೆ, ನಾಯಿ ಮರಿ ಹಾಕಿರುತ್ತದೆ. ಎಷ್ಟೇ ಅವಸರ ಇರಲಿ, ಭಾವ ಇದನ್ನು ಒಮ್ಮೆಯೂ ತಪ್ಪಿಸಿದವನಲ್ಲ ಅಂತ ಎಲ್ಲರೂ ಹೊಗಳುತ್ತಿದ್ದರು. ಮನೆಯಲ್ಲಿ ಮಾತ್ರ ಅಂಥ ಪದ್ಧತಿ ಇರಲಿಲ್ಲ. ಅಲ್ಲಿ ಏಟು ಹೇಳದೆ ಕೇಳದೆ ಬೀಳುತ್ತಿತ್ತು.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಭಾವ ಬಾಗಿಲಲ್ಲಿ ನಿಂತು ಕೂಗಿದನಂತೆ. ಮಷಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದ, ಆಗಲೂ ಕೇಳಿಸಲಿಲ್ಲ. ಹಿಂದಿನಿಂದ ಬಂದು ಕಿವಿಯ ಮೇಲೆ ಬಾರಿಸಿದ. ಅವಳ ಮುಖ ಮಷಿನ್‌ಗೆ ಬಡಿದು ತುಟಿ ಸೀಳಿತು, ಕಿವಿಯಿಂದ ರಕ್ತ ಇಳಿದು ಹೊಲಿಯುತ್ತಿದ್ದ ಬಟ್ಟೆ ಕೆಂಪಾಯಿತು. ಕೂಗಿದ್ದು ಕೇಳಲಿಲ್ಲ ಅಂತ ಹೊಡೆದ ಮಹಾರಾಯ. ಅವತ್ತಿನಿಂದ ಆ ಕಿವಿಗೆ ಯಾರು ಕೂಗಿದರೂ ಕೇಳುವುದಿಲ್ಲ. ಆಮೇಲೆ ಕಾಲು ಹಿಡಿದು ಅತ್ತನಂತೆ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಅಕ್ಕನನ್ನು ಮಷಿನ್ ಸಮೇತ ನಮ್ಮ ಮನೆಗೆ ಕರೆತಂದೆ. ನಮ್ಮ ಮನೆ ಅಂದರೆ ನಾನು ಮತ್ತು ಅಮ್ಮ. ಅವಳನ್ನು ಮಲಗಿಸಿ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ ಕುಕ್ಕರ್ ಮುಚ್ಚಳ ಹಿಡಿದು ವಾಪಸ್ ಹೋದೆ. ಬಾಗಿಲು ತೆಗೆದವನ ಹಣೆಗೆ ಅದರ ಅಂಚಿನಿಂದಲೇ ಒಂದು ಕೊಟ್ಟೆ. ಹುಬ್ಬು ಹರಿದು ಕಣ್ಣಿಗೆ ರಕ್ತ ಇಳಿಯಿತು. ಇನ್ನೊಂದು ಕೊಟ್ಟೆ. ನನಗೇನೂ ಪಶ್ಚಾತ್ತಾಪ ಇಲ್ಲ, ಮೂರನೆಯದು ಕೊಡಲಿಲ್ಲವಲ್ಲ ಅನ್ನುವುದೊಂದೇ ಕೊರಗು. ಅವನು ನನ್ನ ಮೈ ಮುಟ್ಟಲಿಲ್ಲ. ತಿರುಗಿ ಗೋಡೆಗೆ ಗುದ್ದಿದ. ಗಾರೆ ಉದುರಿತು, ಕೈಯ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಒಳ್ಳೇದಾಯಿತು ಅಂದುಕೊಂಡೆ.

ರೈಲು ಬಂದದ್ದು ಆ ಮುರಿದ ಕೈಯಿಂದ. ಪಟ್ಟಿ ಬಿಚ್ಚಿದಾಗ ಬೆರಳುಗಳು ಮರಗಟ್ಟಿದ್ದವು. ಮೂಳೆ ಡಾಕ್ಟರು, "ಸಣ್ಣ ಸಣ್ಣ ಸಾಮಾನು ಹಿಡಿದು ಮಾಡೋ ಕೆಲಸ ಏನಾದ್ರೂ ಮಾಡು. ಇಲ್ಲದಿದ್ರೆ ಈ ಬೆರಳು ಮಡಚೋದಿಲ್ಲ" ಅಂದರಂತೆ. ಭಾವ ಸೀದಾ ನಮ್ಮ ದವಾಖಾನೆಗೆ ಬಂದ.

"ಪುಟ್ಟಿ, ಆ ಪುಟಾಣಿ ರೈಲಿನ ಅಂಗಡಿ ತಾತ ನಿಮ್ಮಲ್ಲೇ ಅಲ್ವಾ ಹಲ್ಲು ಕಟ್ಟಿಸ್ಕೊಂಡಿದ್ದು? ನನ್ನ ಜೊತೆ ಸ್ವಲ್ಪ ಬರ್ತೀಯಾ?"

"ನಾನ್ಯಾಕೆ? ನೀವೇ ಹೋಗಿ."

"ಎಲ್ಲಾ ಗಾಜಿನ ಕಪಾಟು. ಒಬ್ಬನೇ ಹೋದ್ರೆ ಏನಾದ್ರೂ ಒಡೆದು ಹಾಕ್ತೀನಿ ಅಂತ ಭಯ."

ಹೋಗದೆ ಇರುತ್ತಿದ್ದೆ. ಆದರೆ ಅಕ್ಕ ಹೋಗು ಅಂದಳು. ಈ ಮನುಷ್ಯ ಇನ್ನು ಏನು ಮಾಡುತ್ತಾನೆ ಅಂತ ಅವಳಿಗೆ ತಿಳಿಯಬೇಕಿತ್ತು.

ಅಂಗಡಿ ಮಹಡಿ ಮೇಲೆ ಇತ್ತು, ಉದ್ದಕ್ಕೆ ಕಿರಿದಾದ ಕೋಣೆ. ಎರಡೂ ಗೋಡೆಗೆ ಗಾಜು, ಗಾಜಿನೊಳಗೆ ಸಾಲು ಸಾಲು ಪುಟ್ಟ ಇಂಜಿನ್ನು. ಭಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಉಸಿರು ಬಿಗಿಹಿಡಿದು ನಡೆದ.

"ಮನೇಲಿ ಜಾಗ ಎಷ್ಟಿದೆ?" ತಾತ ಮೊದಲು ಕೇಳಿದ್ದೇ ಅದು.

"ಒಂದು ಮೇಜು ಇದೆ."

ಅಕ್ಕ ಬಟ್ಟೆ ಕತ್ತರಿಸುವ ಮೇಜು ಅದು. ನನಗೆ ಮೈಯೆಲ್ಲ ಉರಿಯಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಯಜಮಾನ್ರೇ. ಮೊದಲು ಜಾಗ, ಆಮೇಲೆ ಅಳತೆ, ಕೊನೆಗೆ ಇಂಜಿನ್. ಎಲ್ಲರೂ ಇಂಜಿನ್ ನೋಡಿ ಮರುಳಾಗಿ ಇದನ್ನ ತಲೆಕೆಳಗೆ ಮಾಡ್ತಾರೆ" ಅಂತ ತಾತ ಎರಡು ಇಂಜಿನ್ ತಂದು ಮುಂದಿಟ್ಟರು. "ಈ ದೊಡ್ಡದು ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು. ಈ ಚಿಕ್ಕದು ನೂರರವತ್ತರಲ್ಲಿ ಒಂದು ಪಾಲು. ದೊಡ್ಡದಕ್ಕೆ ತಿರುವು ಅಗಲ ಬೇಕು, ನಿಮ್ಮ ಮೇಜು ಸಾಲದು. ಚಿಕ್ಕದು ಹಾಯಾಗಿ ಸುತ್ತುತ್ತೆ. ಆದರೆ ನಿಮ್ಮ ಬೆರಳು ನೋಡಿದ್ರೆ..." ತಾತ ಭಾವನ ಕೈ ನೋಡಿ ದೊಡ್ಡ ಇಂಜಿನ್ನನ್ನು ಅವನ ಕಡೆ ಸರಿಸಿದರು. "ಮೇಜಿಗೆ ಇನ್ನೊಂದು ಹಲಗೆ ಜೋಡಿಸಿ, ದೊಡ್ಡದೇ ತಗೊಳ್ಳಿ."

"ಡಾಕ್ಟರು ಸಣ್ಣದು ಅಂದಿದ್ದಾರೆ. ಸಣ್ಣದೇ ಕೊಡಿ."

ಆಮೇಲೆ ಅವನ ಕಣ್ಣು ಅತಿ ಉದ್ದದ ಇಂಜಿನ್ ಮೇಲೆ ಬಿತ್ತು. ತಾತ ಬೇಡ ಅಂದರು. ಉದ್ದದ್ದು ಸಣ್ಣ ತಿರುವಿನಲ್ಲಿ ಹಳಿ ತಪ್ಪುತ್ತದಂತೆ. ಗಿಡ್ಡ ಇಂಜಿನ್ ಒಂದನ್ನು ಅವನ ಅಂಗೈ ಮೇಲಿಟ್ಟರು. "ತೂಕ ನೋಡಿ. ಹಗುರ ಇದ್ರೆ ಚಕ್ರ ಜಾರುತ್ತೆ, ಎಳೆಯೋದಿಲ್ಲ. ಕರೆಂಟು ಹಳಿಯಿಂದ ಚಕ್ರಕ್ಕೆ ಬರೋದು, ಅದಕ್ಕೇ ಎಲ್ಲಾ ಚಕ್ರವೂ ಕರೆಂಟು ಹಿಡಿಯೋ ಇಂಜಿನ್ ಆಗಬೇಕು. ವ್ಯಾಗನ್‌ಗೆ ಲೋಹದ ಚಕ್ರ ಇರಲಿ. ಕೊಂಡಿ ಎಲ್ಲಾ ಒಂದೇ ಥರದ್ದಿರಲಿ, ಇಲ್ಲದಿದ್ರೆ ಒಂದನ್ನೊಂದು ಕಚ್ಚೋದಿಲ್ಲ." ಕೊನೆಗೆ ಒಂದು ಸುತ್ತು ಹಳಿ, ವೇಗ ತಿರುಗಿಸುವ ಗುಂಡಿಯ ಕಂಟ್ರೋಲರ್, ಗಿಡ್ಡ ಇಂಜಿನ್, ಕೆಲವು ವ್ಯಾಗನ್, ಎಲ್ಲ ಇರುವ ಒಂದು ಪೆಟ್ಟಿಗೆ ಕಟ್ಟಿಕೊಟ್ಟರು. "ಮೊದಲು ಇದನ್ನ ಓಡಿಸೋದು ಕಲೀರಿ. ಸೇತುವೆ, ಸುರಂಗ ಆಮೇಲೆ. ಹಳಿ ಒರೆಸಿ ಇಟ್ಟುಕೊಳ್ಳಿ. ಎಣ್ಣೆ ಬೇಕಾದ್ರೆ ಸೂಜಿ ಮೊನೇಲಿ ಒಂದು ತೊಟ್ಟು, ಅಷ್ಟೇ."

ಒಂದು ತೊಟ್ಟು ಅನ್ನುವುದು ವ್ಯಾಗನ್ ಒಡೆಯುವವರಿಗೆ ಅರ್ಥವಾಗುವ ಲೆಕ್ಕವಲ್ಲ. ಯಾರ್ಡಿನಲ್ಲಿ ಬೋಲ್ಟು ಕಚ್ಚಿಕೊಂಡರೆ ಎಣ್ಣೆ ಸುರಿಯುತ್ತಾರೆ, ಸೋರುವವರೆಗೆ ಸುರಿಯುತ್ತಾರೆ, ಆಮೇಲೆ ಬಡಿಯುತ್ತಾರೆ. ಭಾವನೂ ಅದನ್ನೇ ಮಾಡಿದ. ಇಂಜಿನ್ ತಿರುವಿನಲ್ಲಿ ಮುಗ್ಗರಿಸಿತು ಅಂತ ಅಕ್ಕ ಬಿಟ್ಟುಹೋಗಿದ್ದ ಮಷಿನ್ ಎಣ್ಣೆಯ ಸೀಸೆಯನ್ನೇ ಅದರ ಹೊಟ್ಟೆಗೆ ಬಗ್ಗಿಸಿದ. ಎಣ್ಣೆ ಚಕ್ರಕ್ಕೆ ಹತ್ತಿತು, ಹಳಿಗೆ ಹತ್ತಿತು, ಕರೆಂಟು ಹತ್ತಲಿಲ್ಲ. ಇಂಜಿನ್ ಒಮ್ಮೆ ನಡುಗಿ ನಿಂತಿತು. ಬೆರಳಿನಿಂದ ತಟ್ಟಿದ. ಅಂಗೈಯಿಂದ ಬಡಿದ. ಆಮೇಲೆ ಸರಿಯಿದ್ದ ಕೈಯ ಮುಷ್ಟಿಯಲ್ಲಿ ಹಿಡಿದು ಹಿಂಡಿದ.

ಅದೇ ಮುಷ್ಟಿ ಬಿಗಿದುಕೊಂಡು ದವಾಖಾನೆಗೆ ಬಂದ, ಬೆರಳಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಊಟಕ್ಕೆ ಹೋಗಿದ್ದರು. ನಾನೇ ಕುರ್ಚಿಯಲ್ಲಿ ಕೂರಿಸಿ, ಹಲ್ಲಿನ ಚಿಮಟದಿಂದ ಒಂದೊಂದೇ ಚೂರು ಕಿತ್ತೆ. ಪ್ಲಾಸ್ಟಿಕ್ಕು, ತಂತಿ, ಒಂದು ಹಲ್ಲುಚಕ್ರ. ನೋವಾಗಲಿ ಅಂತಲೇ ಸ್ವಲ್ಪ ಆಳಕ್ಕೆ ಕೆದಕಿದೆ.

"ನನಗೆ ಕಣ್ಣು ಕಾಣಲಿಲ್ಲ ಪುಟ್ಟಿ" ಅಂದ. "ಸಿಟ್ಟು ಬಂದ್ರೆ ಎಲ್ಲಾ ಕತ್ತಲೆ. ಎದುರಿಗೆ ಇಂಜಿನ್ ಇದೆಯೋ ಹೆಂಡತಿ ಇದ್ದಾಳೋ, ಏನೂ ಗೊತ್ತಾಗಲ್ಲ. ದೇವರಾಣೆ."

ಅಕ್ಕನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, "ನಿಜ ಕಣೇ. ಅವರಿಗೆ ಆಗ ಏನೂ ಕಾಣಲ್ಲ. ಕುರುಡರು ಎಡವಿ ಮೈಮೇಲೆ ಬಿದ್ರೆ ಸಿಟ್ಟು ಮಾಡ್ಕೊಳ್ಳೋಕಾಗುತ್ತಾ?" ಅಂದಳು. ಮದುವೆಯಾದಾಗಿನಿಂದ ಅವಳು ಬದುಕಿದ್ದೇ ಆ ಒಂದು ನಂಬಿಕೆಯ ಮೇಲೆ. ಹೊಡೆಯುವುದು ಅವನಲ್ಲ, ಅವನ ಮೈಮೇಲೆ ಬರುವ ಕತ್ತಲೆ. ಆ ಕತ್ತಲೆ ಹೋದರೆ ಅವಳು ವಾಪಸ್ ಹೋಗುವವಳೇ. ನನಗೆ ಭಯವಿದ್ದದ್ದೂ ಅದೇ. ಹೋದರೆ ಉಳಿದ ಕಿವಿಯೂ ಹೋಗುತ್ತದೆ, ಇಲ್ಲವೇ ಜೀವವೇ.

ಭಾವ ಇನ್ನೊಂದು ಇಂಜಿನ್ ತಂದ. ಈ ಸಲ ತಾತನ ಮಾತು ಚಾಚೂ ತಪ್ಪಲಿಲ್ಲ. ಹಳಿಯನ್ನು ಬಟ್ಟೆಯಿಂದ ಒರೆಸಿದ, ಸೂಜಿ ಮೊನೆಯಲ್ಲಿ ಎಣ್ಣೆ ಇಟ್ಟ, ಚಕ್ರಕ್ಕೆ ಸುತ್ತಿಕೊಂಡ ನೂಲಿನ ಎಳೆಯನ್ನು ಚಿಮಟದಿಂದ ಬಿಡಿಸಿದ. ಇಂಜಿನ್ನಿನ ಪೆಟ್ಟಿಗೆಗೆ ಹತ್ತಿ ಹಾಸಿ ಮೇಜಿನ ಪಕ್ಕದ ಕಪಾಟಿನಲ್ಲಿ ಇಟ್ಟ. ಬೆರಳು ಮಡಚತೊಡಗಿತು. ರಜೆಯ ದಿನ ಅಕ್ಕ ಹೋಗಿ ನೋಡಿ ಬರುವುದಕ್ಕೆ ಶುರುಮಾಡಿದಳು, ಕಾವಲಿಗೆ ನಾನೂ ಹೋಗುತ್ತಿದ್ದೆ. ರಟ್ಟಿನಲ್ಲಿ ಪುಟ್ಟ ಸ್ಟೇಷನ್ ಕತ್ತರಿಸಿ ಅಂಟಿಸಿದವಳು ಅಕ್ಕ. ಅವನು ಗುಂಡಿ ತಿರುಗಿಸುತ್ತಿದ್ದ, ರೈಲು ಅವಳ ಸ್ಟೇಷನ್ ಮುಂದೆ ಬಂದು ನಿಲ್ಲುತ್ತಿತ್ತು, ಅವಳು ನಗುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಹೇಳಿದರೆ ಅಮ್ಮ, "ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ಲ" ಅಂತ ನನಗೇ ಬೈಯುತ್ತಿದ್ದಳು.

ಅಷ್ಟರಲ್ಲಿ ಯಾರ್ಡಿನಲ್ಲಿ ಒಂದು ಅನಾಹುತವಾಯಿತು. ಅಲ್ಲಿ ಕಿಡಿ ಅಂತ ಒಬ್ಬ ಗ್ಯಾಸ್ ಕಟರ್‌ನವನು. ಹಿಂದೊಮ್ಮೆ ಭಾವನ ಜೊತೆ ಜಗಳವಾಡಿ ಮುಂದಿನ ಹಲ್ಲು ಕಳೆದುಕೊಂಡವನು, ಆ ಜಾಗಕ್ಕೆ ನಾವೇ ಹೊಸ ಹಲ್ಲು ಕೂರಿಸಿದ್ದೆವು. ಅವನು ಬಡಿಯದೆ, ಕೂಗದೆ ಒಂದು ವ್ಯಾಗನ್‌ಗೆ ಕಟರ್‌ನ ಬೆಂಕಿ ತಾಗಿಸಿದ. ಒಳಗೆ ಒಬ್ಬ ಮುದುಕ ಮಲಗಿದ್ದ. ಕಾದ ಕಬ್ಬಿಣದ ತಗಡು ಕಾಲಿನ ಮೇಲೆ ಬಿದ್ದು ಚರ್ಮ ಸುಲಿದು ಬಂತು, ಅವನ ಕಿರುಚಾಟ ಬೀದಿವರೆಗೆ ಕೇಳಿಸಿತಂತೆ. ಭಾವ ಒಳಗೆ ನುಗ್ಗಿ ಮುದುಕನನ್ನು ಹೊತ್ತು ತಂದ. ಇನ್ನು ಕಿಡಿಯ ಕಥೆ ಮುಗಿಯಿತು ಅಂತ ಎಲ್ಲರೂ ದೂರ ಸರಿದು ನಿಂತರು. ಭಾವ ಕೈಯೆತ್ತಲಿಲ್ಲ. ಸೀದಾ ಯಾರ್ಡಿನ ಧಣಿ ಹತ್ತಿರ ಹೋಗಿ ನಡೆದದ್ದು ಹೇಳಿದ. ಕಿಡಿಯ ಕೆಲಸ ಹೋಯಿತು. ಗುದ್ದಪ್ಪ ಗುದ್ದಲಿಲ್ಲ ಅನ್ನುವ ಸುದ್ದಿ ಬೀದಿ ಬೀದಿ ಸುತ್ತಿತು.

"ಇನ್ನೇನು ಬೇಕೇ ನಿಮಗೆ?" ಅಂದಳು ಅಮ್ಮ. ಅಕ್ಕನಿಗೂ ಬೇರೇನೂ ಬೇಕಿರಲಿಲ್ಲ. ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು.

ಒಂದು ರಜೆಯ ಬೆಳಿಗ್ಗೆ ಕೈಗಾಡಿಯಲ್ಲಿ ಮಷಿನ್ ಹೇರಿಕೊಂಡು ಹೋದೆವು. ಕಬ್ಬಿಣದ ಕಾಲಿನ ಹೊಲಿಗೆ ಮಷಿನ್ನು, ಹೆಣಭಾರ. ಗಾಡಿಯವನು ಅದನ್ನು ಮುಂದಿನ ಕೋಣೆಯಲ್ಲಿ ಬಾಗಿಲ ಬಳಿ ಇಳಿಸಿ ಹೊರಟ. ಭಾವ ಕ್ಷೌರ ಮಾಡಿಸಿಕೊಂಡು ಒಗೆದ ಅಂಗಿ ಹಾಕಿದ್ದ. ಮಷಿನ್‌ಗೆ ಜಾಗ ಮಾಡಲು ಮೇಜನ್ನು ಗೋಡೆಗೆ ಸರಿಸಿದ್ದ. ರೈಲು ಓಡಿಸಿ ತೋರಿಸಿದ. ಅಕ್ಕ ಮೇಜಿಗೂ ಕಪಾಟಿಗೂ ನಡುವೆ ನಿಂತು, ಬಗ್ಗಿ ನೋಡುತ್ತಿದ್ದಳು.

ಬಾಗಿಲು ಗೋಡೆಗೆ ಬಡಿಯಿತು. ಕಿಡಿ. ಬೆಳಿಗ್ಗೆಯೇ ಕುಡಿದು ಬಂದಿದ್ದ, ಕೈಯಲ್ಲಿ ಕಬ್ಬಿಣದ ಸರಳು.

"ನನ್ನ ಹೊಟ್ಟೆ ಮೇಲೆ ಹೊಡೆದು ಇಲ್ಲಿ ಮಕ್ಕಳಾಟ ಆಡ್ತಿದ್ದೀಯೇನೋ!"

ಸರಳು ಮೇಜಿನ ಮೇಲೆ ಬಿತ್ತು. ಅಕ್ಕನ ಸ್ಟೇಷನ್ ಅಪ್ಪಚ್ಚಿಯಾಯಿತು. ಆ ತುದಿಯಲ್ಲಿ ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಕಿಡಿ ಮತ್ತೆ ಸರಳು ಎತ್ತಿದ.

ಭಾವನ ಮುಖ ಕೆಂಪಗಾಗಿ ಕತ್ತಿನ ನರ ಉಬ್ಬಿತು. ಅವನು ಕಂಟ್ರೋಲರ್ ಗುಂಡಿ ತಿರುಗಿಸಿ ರೈಲು ನಿಲ್ಲಿಸಿದ. ವ್ಯಾಗನ್ನಿನ ಕೊಂಡಿ ಬಿಡಿಸಿದ. ಇಂಜಿನ್ನನ್ನು ಎರಡೇ ಬೆರಳಿನಲ್ಲಿ ಮೇಲೆತ್ತಿದ. ಸರಳು ಅವನ ಭುಜಕ್ಕೆ ಬಿತ್ತು, ಅವನ ಬೆರಳು ಅಲುಗಲಿಲ್ಲ. ಕಪಾಟಿಗೆ ಅಡ್ಡ ಅಕ್ಕ ನಿಂತಿದ್ದಳು. ಮೊಣಕೈಯಿಂದ ಅವಳ ಎದೆಗೆ ಒಂದು ತಿವಿದು ತಳ್ಳಿದ. ಅವಳು ಹೋಗಿ ಮಷಿನ್‌ನ ಮೂಲೆಗೆ ಬಿದ್ದಳು, ಹಣೆ ಒಡೆಯಿತು. ಅವನು ಇಂಜಿನ್ನನ್ನು ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿ, ಮೇಲಿನ ಹಲಗೆಯಲ್ಲಿ ಒಳಕ್ಕೆ ತಳ್ಳಿ ಇಟ್ಟ. ಆಮೇಲೆ ತಿರುಗಿದ.

ಕಿಡಿಯ ಕೈಯ ಸರಳು ಕಿತ್ತುಕೊಂಡು ಅವನ ಮೊಣಕಾಲಿಗೆ ಬೀಸಿದ. ಕಾಲು ಹಿಂದುಮುಂದಾಗಿ ಮಡಚಿತು. ಕೂದಲು ಹಿಡಿದು ಬೀದಿಗೆ ಎಳೆದ. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ, ಒಂದೇ ಸಮನೆ, ಯಾರ್ಡಿನಲ್ಲಿ ಬಡಿಯುವ ಲಯದಲ್ಲೇ. ನಾವು ಕೂರಿಸಿದ ಹಲ್ಲು ಮೊದಲು ಹೋಯಿತು, ಆಮೇಲೆ ಅವನ ಸ್ವಂತದ್ದು. ದವಡೆ ಒಂದು ಕಡೆಗೆ ವಾಲಿತು. ಕಿಡಿ ಮೊದಲು ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಸದ್ದು ನಿಂತಿತು. ಬೀದಿಯವರೆಲ್ಲ ಸೇರಿ ಎಳೆದರೂ ಭಾವ ಅಲುಗಲಿಲ್ಲ. ತಾನಾಗಿ ಸಾಕು ಅನ್ನಿಸಿದಾಗ ಎದ್ದ. ಕಿಡಿಯನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಅವನು ಬದುಕಿದ, ಆದರೆ ಇವತ್ತಿಗೂ ಗಟ್ಟಿ ಪದಾರ್ಥ ಅಗಿಯಲಾರ.

ಭಾವ ಏದುಸಿರು ಬಿಡುತ್ತಾ ಒಳಗೆ ಬಂದ. ಅಂಗಿಯೆಲ್ಲ ರಕ್ತ. ನಾನು ಅಕ್ಕನ ಹಣೆಗೆ ಬಟ್ಟೆ ಒತ್ತಿ ಹಿಡಿದು ನೆಲದ ಮೇಲೆ ಕೂತಿದ್ದೆ. ಅವಳನ್ನು ನೋಡಿ ಅವನು ಮಂಡಿಯೂರಿದ.

"ಅಯ್ಯೋ... ನನಗೆ ಕಣ್ಣು ಕಾಣಲಿಲ್ಲ ಕಣೇ. ನಿನ್ನಾಣೆ. ಎಲ್ಲಾ ಕತ್ತಲೆ ಆಗೋಯ್ತು."

ಅಕ್ಕ ಅವನನ್ನೇ ನೋಡಿದಳು. ಯಾವಾಗಲೂ 'ರೀ' ಅನ್ನುತ್ತಿದ್ದವಳು ಅವತ್ತು ಅನ್ನಲಿಲ್ಲ.

"ಪೆಟ್ಟಿಗೆ ಮುಚ್ಚಳ ಹಾಕಿದ್ದು ಯಾರು?"

ಅವನಿಗೆ ಅರ್ಥವಾಗಲಿಲ್ಲ. ಅವಳು ಕಪಾಟಿನ ಕಡೆ ಕೈ ತೋರಿಸಿದಳು.

"ಗುಂಡಿ ತಿರುಗಿಸಿ ರೈಲು ನಿಲ್ಲಿಸಿದೆ. ಕೊಂಡಿ ಬಿಡಿಸಿದೆ. ಎರಡು ಬೆರಳಲ್ಲಿ ಎತ್ತಿದೆ. ಹತ್ತಿ ಮೇಲೆ ಮಲಗಿಸಿ ಮುಚ್ಚಳ ಹಾಕಿದೆ. ಮಧ್ಯೆ ನಾನು ನಿಂತಿದ್ದೆ. ನಾನೂ ಕಂಡೆ ನಿನಗೆ. ಕಂಡಿದ್ದಕ್ಕೇ ತಳ್ಳಿದೆ."

"ಹಾಗಲ್ಲ ಕಣೇ, ನಾನು..."

"ಕುರುಡ ಅಂದ್ಕೊಂಡಿದ್ದೆ. ಅದಕ್ಕೇ ಪ್ರತಿ ಸಲ ಕಣ್ಣೊರೆಸಿಕೊಂಡು ಎದ್ದು ನಿನಗೆ ಊಟಕ್ಕೆ ಬಡಿಸಿದೆ. ಈ ಕಿವಿ ಹೋದಾಗಲೂ ನಿನ್ನ ಮೇಲೆ ಅಯ್ಯೋ ಪಾಪ ಅನ್ನಿಸಿತ್ತು." ಅವಳು ಅಳಲಿಲ್ಲ. ಅಳು ಬಂದದ್ದು ನನಗೆ. "ನಿನಗೆ ಪ್ರತಿ ಸಲವೂ ಎಲ್ಲಾ ಕಾಣ್ತಿತ್ತು."

ಬೀದಿಯಲ್ಲಿ ಜನ ಗುಂಪು ಕಟ್ಟಿ ಇಣುಕುತ್ತಿದ್ದರು. ಯಾರೋ ಪೊಲೀಸರಿಗೆ ಹೇಳಿಕಳಿಸಿದ್ದೇವೆ ಅಂದರು. ಅಕ್ಕ ಗೋಡೆ ಹಿಡಿದು ಎದ್ದಳು.

"ಆ ಕಡೆ ಹಿಡಿಯೇ" ಅಂದಳು ನನಗೆ. ಇಬ್ಬರೂ ಮಷಿನ್ ಎತ್ತಿದೆವು. ಗಾಡಿಯವನು ಹೊರಟುಹೋಗಿದ್ದ. ಹೊಸ್ತಿಲು ದಾಟಿಸುವಾಗ ಅದು ವಾಲಿತು, ನನ್ನ ಕೈ ಜಾರಿತು. ಭಾವ ಎದ್ದು ಬಂದು ಹಿಡಿಯಲು ರಕ್ತ ಮೆತ್ತಿದ ಕೈ ಚಾಚಿದ.

"ಮುಟ್ಟಬೇಡ" ಅಂದಳು ಅಕ್ಕ.

ಆ ಕೈ ಮಷಿನ್ನಿಗೆ ಕೂದಲೆಳೆಯಷ್ಟು ದೂರದಲ್ಲಿ ಗಕ್ಕನೆ ನಿಂತಿತು.

"ನೋಡಿದೆಯಾ?" ಅಂತ ಅಕ್ಕ ನನ್ನ ಕಡೆ ತಿರುಗಿದಳು. "ನಿಲ್ಲಿಸಿದ್ರೆ ನಿಲ್ಲುತ್ತೆ."